ಬೊಂಬಾಯಿಯಲ್ಲಿ ಬಿಟ್ಟ ಎರಡೂವರೆ ಕಿಲೋ ಗಾಳಿ

ಮಂಗಳೂರು ಬಂದರು,
ಜೂನ್ ೧೮, ೧೯೬೨

ವಿಮಾನ ಕಂಪೆನಿಯಲ್ಲಿ ಪ್ರಯಾಣಿಕರ ಸಾಮಾನಿನ ತೂಕ ನೋಡಿಕೊಳ್ಳುವ ಮುಖ್ಯ ಅಧಿಕಾರಿಗಳಿಗೆ, ಪತ್ರಿಕೆಯ ಮೂಲಕ.

ತಕ್ಕಡಿಯ ಆಚೆ ಬದಿಯಲ್ಲಿ ಕುಳಿತಿರುವ ಮಾನ್ಯರೇ,

ಕಳೆದ ಮೇ ತಿಂಗಳ ಇಪ್ಪತ್ತೊಂದನೇ ತಾರೀಕು ಸೋಮವಾರ, ಬೊಂಬಾಯಿಯ ನಿಮ್ಮ ಕೌಂಟರಿನಲ್ಲಿ ನನ್ನಿಂದ ಎರಡೂವರೆ ಕಿಲೋ ಗಾಳಿಗೆ ಹೆಚ್ಚುವರಿ ಸಾಮಾನಿನ ದರ ವಸೂಲು ಮಾಡಿದರು. ದುಡ್ಡು ತೆಗೆದುಕೊಂಡ ಮೇಲೆ ಆ ಗಾಳಿಯನ್ನು ವಿಮಾನಕ್ಕೆ ಏರಿಸಲು ಬಿಡದೆ ನನ್ನ ಕಣ್ಣೆದುರಿಗೇ ಹೊರಗೆ ಬಿಟ್ಟರು. ಖಾಲಿಯಾಯಿತಲ್ಲ, ಇನ್ನೊಮ್ಮೆ ತೂಗಿ ಎಂದು ಕೇಳಿದ್ದಕ್ಕೆ, ಗಾಳಿಗೆ ತೂಕವಿಲ್ಲ, ತೂಗುವ ಅಗತ್ಯವಿಲ್ಲ ಎಂದರು. ರಸೀದಿ ನನ್ನಲ್ಲಿದೆ: ಮೂರು ರೂಪಾಯಿ ಹನ್ನೆರಡು ನಯಾಪೈಸೆ. ನಿಮಗೆ ಎರಡು ಪತ್ರ ಬರೆದೆ. ಎರಡನೆಯದಕ್ಕೆ ಉತ್ತರ ಬಂತು. “ಗಾಳಿಯ ತೂಕದ ಬಗ್ಗೆ ನಮ್ಮ ನಿಯಮಾವಳಿಯಲ್ಲಿ ಯಾವುದೇ ಉಲ್ಲೇಖವಿರುವುದಿಲ್ಲ” ಎಂದು ಒಂದೇ ಸಾಲು, ಕೆಳಗೆ ಓದಲಾಗದ ಒಂದು ಸಹಿ. ಉಲ್ಲೇಖವಿಲ್ಲದ ವಸ್ತುವಿಗೆ ದರ ಮಾತ್ರ ಎಲ್ಲಿಂದ ಬಂತು ಸ್ವಾಮಿ? ಮೂರು ರೂಪಾಯಿಗಾಗಿ ಪತ್ರಿಕೆಯಲ್ಲಿ ಇಷ್ಟು ಜಾಗ ಕೇಳುವಷ್ಟು ನಾನು ಬಿಡುವಾಗಿಲ್ಲ. ಪೂರ್ತಿ ಓದಿ. ಬರಬೇಕಾದ ಬಾಕಿ ಬೇರೆಯೇ ಉಂಟು.

ತಕ್ಕಡಿಯ ವಿಷಯದಲ್ಲಿ ನಿಮಗೆ ಪಾಠ ಹೇಳಲು ಈ ಮನುಷ್ಯ ಯಾರು ಎಂದು ಕೇಳುವಿರಿ. ಕೇಳಬೇಕಾದದ್ದೇ. ನಾನು ಬ್ಯಾರಿ, ಅಂದರೆ ಈ ಕರಾವಳಿಯ ಮುಸಲ್ಮಾನ, ಮಂಗಳೂರು ಬಂದರಿನ ಒಬ್ಬ ಗುಜರಿ ವ್ಯಾಪಾರಿ. ಹಳೆ ಲಂಗರು, ಸರಪಳಿ, ಹಗ್ಗ, ಹಡಗಿನಿಂದ ಕಳಚಿದ ಹಿತ್ತಾಳೆ, ಇವೆಲ್ಲ ನನ್ನ ಸರಕು. ಅಂಗಡಿ ಹಾಕುವುದಕ್ಕೆ ಮೊದಲು ಸರಕು ಇಳಿಸುವ ಇದೇ ಧಕ್ಕೆಯ ಕಟ್ಟೆಯಲ್ಲಿ ಬೇರೆಯವರ ಒಣಮೀನು ಮತ್ತು ಕೊಬ್ಬರಿಗೆ ತಕ್ಕಡಿ ಹಿಡಿಯುತ್ತಿದ್ದೆ. ಎಲ್ಲ ಸೇರಿ ಮೂವತ್ತೊಂದು ವರ್ಷ. ನಮ್ಮ ಬಂದರಿನಲ್ಲಿ ಒಂದು ಕ್ರಮ ಉಂಟು. ತುಂಬಿದ ಚೀಲವನ್ನು ತೂಗಿ ಬರೆದುಕೊಂಡರೆ ತೂಕ ಮುಗಿಯಿತೆಂದಲ್ಲ. ಮಾಲನ್ನು ಸುರಿದು, ಚೀಲವನ್ನು ಕೊಡವಿ, ಖಾಲಿ ಚೀಲವನ್ನು ಪುನಃ ತಕ್ಕಡಿಗೆ ಹಾಕಬೇಕು. ಅದರ ತೂಕ ಕಳೆದ ಮೇಲೆಯೇ ವ್ಯಾಪಾರ. ಕೊಳ್ಳುವವನೂ ಮಾರುವವನೂ ಮಾತು ಬಿಟ್ಟ ಶತ್ರುಗಳಾಗಿದ್ದರೂ ಆ ಖಾಲಿ ಚೀಲ ಮೇಲೇರುವವರೆಗೆ ಇಬ್ಬರೂ ಜಾಗ ಬಿಟ್ಟು ಕದಲುವುದಿಲ್ಲ. ಓದು ಬರಹ ತಿಳಿಯದ ಕೂಲಿಯಾಳು ಕೂಡ ಇದನ್ನು ಕೇಳಿ ಪಡೆಯುತ್ತಾನೆ. ಟೈ ಕಟ್ಟಿದ ನಿಮ್ಮವರಿಗೆ ನಾನು ಕೇಳಿದ್ದು ಇಷ್ಟನ್ನೇ.

ಗುಜರಿಯವನಿಗೆ ಗಾಳಿಯ ಉಸಾಬರಿ ಏಕೆ ಬಂತು ಎಂಬುದನ್ನು ಹೇಳುತ್ತೇನೆ.

ಶೀನಪ್ಪ ಎಂಬ ಮೀನುಗಾರರು ಈ ವರ್ಷ ಸಾಲ ಮಾಡಿ ಎಂಜಿನಿನ ದೋಣಿ ಕಟ್ಟಿಸಿದ್ದರು. ಎಂಜಿನು ಬಂದು ಮೂರು ತಿಂಗಳು ಆಗಿರಲಿಲ್ಲ. ಮೇ ಹನ್ನೆರಡಕ್ಕೆ, ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಲಂಗರು ಹಾಕಿ ನಿಂತಿದ್ದಾಗ ಸರಪಳಿ ಕಡಿಯಿತು. ದೋಣಿ ಮರಳದಿಬ್ಬಕ್ಕೆ ಬಡಿದು ಐದು ಮಾರು ನೀರಿನಲ್ಲಿ ಕೂತುಬಿಟ್ಟಿತು. ಜನ ಈಜಿ ಬಂದರು, ದೇವರು ದೊಡ್ಡವನು. ಎಂಜಿನು ಈಜಲಿಲ್ಲ. ಮಳೆಗಾಲದ ಮೊದಲ ದೊಡ್ಡ ಅಲೆ ಬಂದರೆ ಅಳಿವೆಯ ಮರಳು ಅದನ್ನು ನುಂಗುತ್ತದೆ, ಆಮೇಲೆ ಅಲ್ಲಿ ಎಂಜಿನು ಇತ್ತೆಂದು ಸಾಲದ ಕಾಗದ ಮಾತ್ರ ಹೇಳಬೇಕು. ಕಡಿದ ಸರಪಳಿ ನನ್ನ ಅಂಗಡಿಯದ್ದು. ಹಳೆಯದೆಂದು ಹೇಳಿಯೇ ಕೊಟ್ಟಿದ್ದೆ, ಹಳೆಯದೆಂದು ತಿಳಿದೇ ಅವರು ಕೊಂಡಿದ್ದರು. ಆದರೂ ಅದನ್ನು ಇಲ್ಲಿ ಬರೆಯುತ್ತೇನೆ. ಒಂದು ಬದಿ ಬರೆದು ಇನ್ನೊಂದು ಬದಿ ಖಾಲಿ ಬಿಟ್ಟರೆ ಅದು ಲೆಕ್ಕವಲ್ಲ.

ಶೀನಪ್ಪ ಅಂಗಡಿಗೆ ಬಂದು ಜಗಳ ಮಾಡಲಿಲ್ಲ. ಕಡಿದ ಸರಪಳಿಯ ತುಂಡನ್ನು ಮೇಜಿನ ಮೇಲೆ ಇಟ್ಟು, “ಬ್ಯಾರಿಗಳೇ, ಇದನ್ನು ಗುಜರಿಗೆ ಎಷ್ಟಕ್ಕೆ ತಕೊಳ್ತೀರಿ?” ಎಂದು ಕೇಳಿದರು. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಈ ಪ್ರಶ್ನೆ ಕೇಳಿದ ಮೇಲೆ ಅಂಗಡಿ ಮುಚ್ಚಿ ತಂಗಿಯ ಮನೆಗೆ ಹೊರಟೆ.

ನನ್ನ ತಂಗಿ ಝುಬೈದಾಳ ಗಂಡ ಮಮ್ಮು, ಉಳ್ಳಾಲದವನು, ಮುಳುಗುಗಾರ. ನದಿಯ ತಳದಿಂದ ಲಂಗರು ಎತ್ತುವುದು, ಮುಳುಗಿದ ಸರಕಿನ ಮಚ್ವೆ ದೋಣಿಯಿಂದ ಹೆಂಚು ತೆಗೆಯುವುದು ಅವನ ಕಸುಬು. ಕಲ್ಲೊಂದನ್ನು ಹಿಡಿದು ಇಳಿಯುತ್ತಾನೆ, ಉಸಿರು ಇರುವಷ್ಟು ಹೊತ್ತು ಕೆಲಸ ಮಾಡಿ ಕಲ್ಲು ಬಿಟ್ಟು ಮೇಲೆ ಬರುತ್ತಾನೆ. ಹೀಗೆ ಇಪ್ಪತ್ತೈದು ವರ್ಷ ಇಳಿದು ಹತ್ತಿ ಅವನ ಕಿವಿ ಹಾಳಾಗಿತ್ತು. ಡಾಕ್ಟರು ಹೇಳಿದ್ದು ಸ್ಪಷ್ಟ: ಕೆಳಗಿರುವುದರಿಂದ ಅಷ್ಟು ತೊಂದರೆಯಿಲ್ಲ, ಮತ್ತೆ ಮತ್ತೆ ಇಳಿದು ಹತ್ತುವುದೇ ಕಿವಿಗೆ ಮೃತ್ಯು. ಬಲಗಿವಿಯಿಂದ ಒಮ್ಮೆ ರಕ್ತ ಬಂದಿತ್ತು. ಝುಬೈದಾ ಅಂದಿನಿಂದ ಅವನ ಕಲ್ಲನ್ನು ಅಡುಗೆಮನೆಗೆ ಒಯ್ದು ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಇಟ್ಟುಬಿಟ್ಟಿದ್ದಳು.

ಆದರೆ ಮಮ್ಮು ಎರಡು ವರ್ಷದ ಹಿಂದೆ ಒಂದು ಸರ್ವೆ ತಂಡದವರ ಜೊತೆ ದುಡಿಯುವಾಗ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವುದನ್ನು ಕಲಿತಿದ್ದ. ಬಾಯಲ್ಲಿ ಕೊಳವೆ, ಕಣ್ಣಿಗೆ ಗಾಜು, ಕಾಲಿಗೆ ಬಾತುಕೋಳಿಯಂಥ ರಬ್ಬರು ಪಾದ. ಒಮ್ಮೆ ಇಳಿದರೆ ನಲ್ವತ್ತು ನಿಮಿಷ ಕೆಳಗೆಯೇ ಕೂತು ಸಂಬಳದ ನೌಕರನ ಹಾಗೆ ನಿಧಾನವಾಗಿ ಕೆಲಸ ಮಾಡಬಹುದು. ಎಂಜಿನನ್ನು ದೋಣಿಗೆ ಬಿಗಿದಿರುವುದು ನಾಲ್ಕು ಬೋಲ್ಟು. ನಾಲ್ಕು ಬೋಲ್ಟು ಬಿಚ್ಚಿ ಸರಪಳಿ ಸುತ್ತಲು ನಲ್ವತ್ತು ನಿಮಿಷ ಧಾರಾಳ.

ಝುಬೈದಾ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದಳು. ಬ್ಯಾರಿ ಭಾಷೆಯಲ್ಲಿ ಆಡಿದ್ದನ್ನು ಕನ್ನಡಕ್ಕೆ ಇಳಿಸಿದ್ದೇನೆ, ಇಳಿಸುವಾಗ ಸ್ವಲ್ಪ ಕಾರ ಸೋರಿಹೋಗಿದೆ. ಕಾಕ ಎಂದರೆ ಅಣ್ಣ.

“ಕಾಕ, ಎಷ್ಟು ಸಲ ಇಳಿಯುವುದು?”

“ಒಂದೇ ಸಲ.”

“ಅಲ್ಲಾಹನ ಮೇಲೆ ಆಣೆ ಹಾಕಿ ಹೇಳು.”

“ಒಂದೇ ಸಲ ಇಳಿಯುವುದು, ಒಂದೇ ಸಲ ಹತ್ತುವುದು. ಆಣೆ.”

ಇದು ನಾನು ಕೊಟ್ಟ ಮಾತು. ಇದರ ಮೇಲೆಯೇ ಬೊಂಬಾಯಿಗೆ ಹೊರಟದ್ದು. ಊರಿನಲ್ಲಿ ನಿಮ್ಮ ಟಿಕೇಟು ಕೊಡುವವರ ಹತ್ತಿರ, ಬರುವಾಗ ಗಾಳಿ ತುಂಬಿದ ಸಿಲಿಂಡರು ತರಬಹುದೇ ಎಂದು ಬಾಯಿಬಿಟ್ಟು ಕೇಳಿದ್ದೆ. “ಇಪ್ಪತ್ತು ಕಿಲೋ ಒಳಗೆ ಎಂತ ಬೇಕಾದ್ರೂ ತನ್ನಿ ಮಾರಾಯ್ರೇ, ಆನೆಮರಿ ಆದ್ರೂ ಅಡ್ಡಿ ಇಲ್ಲ” ಎಂದಿದ್ದರು. ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೊಂಬಾಯಿಯಲ್ಲಿ ಯಾವುದೋ ವಿದೇಶಿ ಹಡಗಿನವರು ಮಾರಿಹೋದ ಮುಳುಗುವ ಸಾಮಾನು ಹಳೆ ಬಜಾರಿನಲ್ಲಿ ಸಿಕ್ಕಿತು. ಚೌಕಾಸಿಯ ಕಥೆ ಹೇಳುವುದಿಲ್ಲ. ಮಾರಿದವನು ಈಗಲೂ ನನ್ನನ್ನು ಬೈಯುತ್ತಿದ್ದಾನೆ ಎಂದಷ್ಟೇ ತಿಳಿಸುತ್ತೇನೆ. ನಂತರ ಕಟ್ಟುವ ಕೆಲಸ. ನಿಮ್ಮ ಇಪ್ಪತ್ತು ಕಿಲೋ ಎಂದರೆ ನಮ್ಮ ಹಳೆ ಲೆಕ್ಕದ ನಲ್ವತ್ತನಾಲ್ಕು ರಾತಲು. ಸರಕಾರ ಕಿಲೋಗೆ ಬದಲಾಗಿದೆ, ನನ್ನ ಕೈ ಇನ್ನೂ ಬದಲಾಗಿಲ್ಲ. ಸಿಲಿಂಡರು ಮತ್ತು ಬೆನ್ನಪಟ್ಟಿ ಮೂವತ್ತೆರಡು ರಾತಲು, ಉಸಿರಾಟದ ಕೊಳವೆ ಐದು, ರಬ್ಬರು ಪಾದ ಮೂರು, ಕಣ್ಣಿನ ಗಾಜು ಒಂದು, ಗೋಣಿ ಒಂದು. ಉಳಿದ ಎರಡು ರಾತಲಿನಲ್ಲಿ ನನ್ನ ಸಂಸಾರ, ಅಂದರೆ ಎರಡು ಲುಂಗಿ, ಒಂದು ಅಂಗಿ, ಮೈ ಒರೆಸುವ ಒಂದು ಬೈರಾಸು. ತಂಗಿಗೆಂದು ಕೊಂಡ ಹಲ್ವಾವನ್ನು ವಸತಿಯ ಕೋಣೆಯಲ್ಲೇ ತಿಂದು ಮುಗಿಸಿದೆ. ಹೊಟ್ಟೆಯೊಳಗಿನ ಸಾಮಾನಿಗೆ ನಿಮ್ಮಲ್ಲಿ ದರವಿಲ್ಲವಲ್ಲ!

ಸೊಂಟಕ್ಕೆ ಕಟ್ಟುವ ಸೀಸದ ಪಟ್ಟಿ ಹದಿನಾರು ರಾತಲು ಇತ್ತು. ಅದಿಲ್ಲದೆ ರಬ್ಬರು ಅಂಗಿ ತೊಟ್ಟವನು ಮುಳುಗುವುದಿಲ್ಲ, ತೆಂಗಿನಕಾಯಿಯಂತೆ ತೇಲುತ್ತಾನೆ. ಮಾರುವವನು ಅದನ್ನೂ ಪ್ರೀತಿಯಿಂದ ಕಟ್ಟಿಕೊಡಲು ಬಂದ. ನಾನು ಮುಟ್ಟಲಿಲ್ಲ. ಬಲೆಗೆ ಕಟ್ಟುವ ಸೀಸದ ಗುಂಡು ನನ್ನ ಅಂಗಡಿಯ ಹಿಂದೆ ಎರಡು ಡಬ್ಬ ತುಂಬ ಬಿದ್ದಿರುವಾಗ ಬೊಂಬಾಯಿಯ ಸೀಸಕ್ಕೆ ಆಕಾಶ ತೋರಿಸುವುದು ಏತಕ್ಕೆ? ಉಳಿದದ್ದು ರಬ್ಬರು ಅಂಗಿ, ಏಳು ರಾತಲು. ಅದನ್ನು ಕೋಟಿನ ಒಳಗೆ ಮೈಗೇ ತೊಟ್ಟೆ. ಮೇ ತಿಂಗಳು, ಬೊಂಬಾಯಿ, ರಬ್ಬರು ಅಂಗಿ. ಟ್ಯಾಕ್ಸಿಯವನು ನನಗೆ ಚಳಿಜ್ವರವೆಂದು ತಿಳಿದು ಕಿಟಕಿ ಮುಚ್ಚಿದ.

ಇಷ್ಟು ಜಾಣನಾದವನು ಎಡವಿದ್ದು ಎಲ್ಲಿ? ಹೇಳುತ್ತೇನೆ, ನಗಬೇಡಿ. ಮೇಲಿನ ತೂಕವೆಲ್ಲ ಖಾಲಿ ಸಿಲಿಂಡರಿನದ್ದು. ಮಂಗಳೂರಿನಲ್ಲಿ ಈ ಗಾಳಿ ತುಂಬುವ ಯಂತ್ರವಿಲ್ಲ. ಆದ್ದರಿಂದ ಹಡಗು ರಿಪೇರಿಯವರಲ್ಲಿ ತುಂಬಿಸಿದೆ. ಬಂದರಿನವನು ಬೊಂಬಾಯಿಯಿಂದ ಖಾಲಿ ಪಾತ್ರೆ ಹೊತ್ತು ತಂದರೆ ಮಾನ ಉಳಿಯುತ್ತದೆಯೇ? “ಇನ್ನೂ ಹಿಡಿಸ್ತದೆ, ಹಾಕಿ” ಎಂದು ಒತ್ತಿ ಒತ್ತಿ ತುಂಬಿಸಿದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಸಾಗಾಟದ ಖರ್ಚಿಲ್ಲದ ಮಾಲು ಸಿಕ್ಕಿತೆಂದು ಮನಸ್ಸಿನಲ್ಲೇ ಹಿಗ್ಗಿದೆ. ಗಾಳಿಗೆ ತೂಕವಿಲ್ಲ ಎಂದು ನಂಬಿದ್ದ ಮೊದಲ ಮೂರ್ಖ ನಿಮ್ಮವನಲ್ಲ, ನಾನು. ವ್ಯತ್ಯಾಸ ಇಷ್ಟೇ, ತಕ್ಕಡಿ ಹೇಳಿದ ಮೇಲೆ ನಾನು ಒಪ್ಪಿದೆ.

ನಿಮ್ಮ ಕೌಂಟರಿನಲ್ಲಿದ್ದ ಯುವಕ ನಮ್ಮೂರಿನವರೇ, ಕೊಟ್ಟಾರದ ಕಡೆಯವರು. ಹೆಸರು ಬರೆಯುವುದಿಲ್ಲ. ಅವರ ತಾಯಿ ಈ ಪತ್ರಿಕೆ ಓದುತ್ತಾರೆ. ತಕ್ಕಡಿಯ ಮುಳ್ಳು ಇಪ್ಪತ್ತೆರಡೂವರೆಯಲ್ಲಿ ನಿಂತಿತು.

“ಎರಡೂವರೆ ಜಾಸ್ತಿ ಉಂಟು,” ಎಂದರು.

“ನಿಮ್ಮ ತಕ್ಕಡಿ ಸುಳ್ಳು ಹೇಳ್ತದೆ.”

“ನಿನ್ನೆ ಸರಿ ಮಾಡಿಸಿದ್ದು ಬ್ಯಾರಿಗಳೇ. ಸಂಶಯ ಇದ್ರೆ ನೀವೇ ಹತ್ತಿ ನೋಡಿ.”

ನಾನು ಹತ್ತಲಿಲ್ಲ. ಕಾರಣ ಕೋಟಿನ ಒಳಗಿತ್ತು. ಆದರೆ ತಲೆ ಓಡತೊಡಗಿತು. ಬಜಾರಿನ ತಕ್ಕಡಿಗೂ ಈ ತಕ್ಕಡಿಗೂ ನಡುವೆ ನಾನು ಸೇರಿಸಿದ ವಸ್ತು ಒಂದೇ.

“ಅಯ್ಯೋ, ಇದು ಗಾಳಿ!”

“ಎಂತ ಗಾಳಿ?”

“ಸಿಲಿಂಡರಿನ ಒಳಗೆ ಉಂಟಲ್ಲ, ಅದು. ಎರಡೂವರೆ ಕಿಲೋ ಗಾಳಿಯದ್ದು.”

ಅವರು ಪಕ್ಕದ ಕೌಂಟರಿನವರಿಗೂ ಕೇಳುವಂತೆ ನಕ್ಕರು. “ಗಾಳಿಗೆ ತೂಕ ಉಂಟಾ ಮಾರಾಯ್ರೇ? ಇರ್ತಿದ್ರೆ ನಾವೆಲ್ಲ ನೆಲಕ್ಕೆ ಅಂಟಿ ಹೋಗ್ತಿದ್ದೆವು.”

“ಹಾಗಾದ್ರೆ ದುಡ್ಡು ಎಂತಕ್ಕೆ ಕೇಳ್ತೀರಿ?”

“ದುಡ್ಡು ಗಾಳಿಗೆ ಅಲ್ಲ, ತೂಕಕ್ಕೆ.”

ಇಂಥ ಉತ್ತರಕ್ಕೆ ಬಂದರಿನಲ್ಲಾದರೆ ಚಹಾ ಕುಡಿಸುತ್ತಿದ್ದೆ. ದುಡ್ಡು ಕೊಟ್ಟೆ, ರಸೀದಿ ತೆಗೆದುಕೊಂಡೆ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಅವರ ಮೇಲಿನವರು ಬಂದು, ಇದೇನು ಎಂದು ಕೇಳಿದರು. ಗಾಳಿ ಎಂದೆ. ಒತ್ತಿ ತುಂಬಿದ ಗಾಳಿ ಆಕಾಶಕ್ಕೆ ಹೋಗಕೂಡದು, ಅಪಾಯ, ಈಗಲೇ ಬಿಡಿ ಎಂದು ಅಪ್ಪಣೆಯಾಯಿತು. ಬಿಟ್ಟರು. ಪೂರ್ತಿ ಐದಾರು ನಿಮಿಷ ಸುಯ್ಯೆಂದು ಹೋಯಿತು ಸ್ವಾಮಿ, ಮಮ್ಮುವಿನ ನಲ್ವತ್ತು ನಿಮಿಷ. ನನ್ನ ಹಿಂದಿನ ಸಾಲಿನಲ್ಲಿ ಒಬ್ಬರು ಭಾರೀ ಶೇಟ್‌ಜಿ ನಿಂತಿದ್ದರು. ಗಾಳಿ ತಂಪಾಗಿದೆಯೆಂದು ಹತ್ತಿರ ಬಂದು ಜುಬ್ಬಾದ ಗುಂಡಿ ಬಿಚ್ಚಿ ನಿಂತುಕೊಂಡರು. ನನ್ನ ಗಾಳಿಯಿಂದ ಅಂದು ಲಾಭ ಪಡೆದವರು ಅವರೊಬ್ಬರೇ.

“ಈಗ ಪುನಃ ತೂಗಿ,” ಎಂದೆ.

“ರಸೀದಿ ಬರೆದಾಯ್ತಲ್ಲ.”

“ಸಾಮಾನು ಕಡಿಮೆ ಆಯ್ತಲ್ಲ.”

“ಎಂತ ಕಡಿಮೆ ಆಯ್ತು? ತೆಗೆದದ್ದು ಬರೀ ಗಾಳಿ.”

ಹೇಳಿ ಸ್ವಾಮಿ, ನಾನು ಎಲ್ಲಿ ನಿಲ್ಲಲಿ? ಒಳಗಿದ್ದಾಗ ಅದು ಸಾಮಾನು, ಹೊರಗೆ ಬಂದ ಕೂಡಲೇ ಬರೀ ಗಾಳಿ. ದರ ಕೊಡುವವನಿಗೆ ತೂಕ ಉಂಟು, ದರ ಹಿಂದೆ ಕೇಳುವವನಿಗೆ ಇಲ್ಲ. ಆ ಶೇಟ್‌ಜಿ ನನಗಿಂತ ಕಡಿಮೆಯೆಂದರೂ ಮೂವತ್ತು ಕಿಲೋ ಹೆಚ್ಚು. ಅವರ ಪೆಟ್ಟಿಗೆ ಹತ್ತೊಂಬತ್ತು ಕಿಲೋ ಇತ್ತೆಂದು ನಮಸ್ಕಾರ ಹೊಡೆದು ಕಳಿಸಿದಿರಿ. ವಿಮಾನಕ್ಕೆ ಭಾರವಾಗುವುದು ಪೆಟ್ಟಿಗೆಯೋ ಶೇಟ್‌ಜಿಯೋ ಎಂದು ವಿಮಾನವನ್ನು ಯಾರಾದರೂ ಕೇಳಿದ್ದಾರೆಯೇ? ನನ್ನ ಮೈಮೇಲಿನ ಏಳು ರಾತಲು ರಬ್ಬರಿನ ಬಗ್ಗೆ ನೀವು ಕೇಳಬಹುದು. ಕೇಳಿ. ಅದರ ದರ ಬೆವರಿನ ರೂಪದಲ್ಲಿ ಸಲ್ಲಿಕೆಯಾಗಿದೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಒತ್ತಿ ತುಂಬಿದ ಸಿಲಿಂಡರು ಆಕಾಶದಲ್ಲಿ ಅಪಾಯವೆಂದರೆ ನಾನು ಒಪ್ಪುತ್ತೇನೆ. ನಾನೂ ಅದೇ ವಿಮಾನದಲ್ಲಿ ಕೂತಿದ್ದೆ, ನನಗೂ ಜೀವದ ಮೇಲೆ ಆಸೆ ಉಂಟು. ನಿಯಮ ಸರಿ. ಆದರೆ ಅದನ್ನು ಮುಚ್ಚಿಟ್ಟು ಕಾದದ್ದು ಸರಿಯೇ? ಟಿಕೇಟಿನ ಹಿಂದೆ ಅಷ್ಟು ಸಣ್ಣಕ್ಷರದಲ್ಲಿ ಏನೇನೋ ಅಚ್ಚು ಹಾಕಿದ್ದೀರಿ, ಇದು ಮಾತ್ರ ಇಲ್ಲ. ಆನೆಮರಿಯನ್ನು ತರಬಹುದೆಂದ ಬಾಯಿಗೆ, ಗಾಳಿಯನ್ನು ತರಬಾರದು ಎನ್ನಲು ಏನು ಕಷ್ಟವಿತ್ತು? ಮೊದಲೇ ಹೇಳಿದ್ದರೆ ಹೆಂಚು ಇಳಿಸಿ ಹಿಂದಿರುಗುವ ಮಂಗಳೂರಿನ ಲಾರಿಗೆ ಸಿಲಿಂಡರನ್ನು ಹಾಕುತ್ತಿದ್ದೆ. ಗುರುವಾರ ಗಾಳಿ ಸಮೇತ ಬಂದರು ಮುಟ್ಟುತ್ತಿತ್ತು. ನಾನು ನಿಮ್ಮ ವಿಮಾನ ಹತ್ತಿದ್ದು ದಿನ ಉಳಿಸಲು. ಸೋಮವಾರವೇ ಊರು ಮುಟ್ಟಿಸಿದಿರಿ, ನಿಜ. ಯಾವುದಕ್ಕಾಗಿ ಹೋಗಿದ್ದೆನೋ ಅದೊಂದನ್ನು ಬಿಟ್ಟು.

ಅಂಗಡಿಗೆ ಬಂದವನೇ ನನ್ನ ತಕ್ಕಡಿಯಲ್ಲಿ ಅದೇ ಗೋಣಿಯನ್ನು ಹಾಕಿದೆ. ನಲ್ವತ್ತನಾಲ್ಕು ರಾತಲು, ಒಂದು ಎಳ್ಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾವಿಗೆ ಸರಪಳಿ ಕೊಳ್ಳಲು ಬಂದಿದ್ದ ವಿಜ್ಞಾನದ ಮಾಸ್ತರರು, ಹರಿದಾಸ ಎಂದು ಹೆಸರು, ನನ್ನ ಕಥೆ ಕೇಳಿ ಮರುದಿನ ಶಾಲೆಯ ಫುಟ್‌ಬಾಲು ಮತ್ತು ಪ್ರಯೋಗಶಾಲೆಯ ಸಣ್ಣ ತಕ್ಕಡಿ ಹಿಡಿದುಕೊಂಡೇ ಬಂದರು. ಚೆಂಡಿಗೆ ಗಟ್ಟಿಯಾಗಿ ಗಾಳಿ ಒತ್ತಿ ತೂಗಿದರು, ಬಿಟ್ಟು ತೂಗಿದರು. ಮುಳ್ಳು ಅಲ್ಲಾಡಿತು.

“ಇದು ಹೈಸ್ಕೂಲಿನ ಪಾಠ ಬ್ಯಾರಿಗಳೇ. ಪರೀಕ್ಷೆಗೆ ಬರ್ತದೆ.”

“ಕೌಂಟರಿನವರಿಗೆ ಬರಲಿಲ್ಲವಾ ಮಾಷ್ಟ್ರೇ?”

“ಬಂದಿರ್ತದೆ. ಚಾಯ್ಸಿನಲ್ಲಿ ಬಿಟ್ಟಿರ್ತಾರೆ.”

ಆದರೆ ಗಾಳಿಗೆ ತೂಕವಿದೆಯೆಂದು ತಿಳಿದದ್ದರಿಂದ ಸಿಲಿಂಡರು ತುಂಬುವುದಿಲ್ಲ. ಕೊಚ್ಚಿಯಲ್ಲಿ ತುಂಬುವವರಿದ್ದಾರೆ, ಹೋಗಿ ಸರದಿ ಕಾದು ಬರಲು ಒಂದು ವಾರ. ಸೈಕಲ್ ಅಂಗಡಿಯ ಸಮದ್ ಸಿಲಿಂಡರನ್ನು ಎರಡು ಸಲ ತಟ್ಟಿ ನೋಡಿ, “ತುಂಬಿಸುವ, ನೂರಾಕ, ಅಡ್ಡಿ ಇಲ್ಲ. ಈಗ ಪಂಪು ಹೊಡಿಲಿಕ್ಕೆ ಶುರು ಮಾಡಿದ್ರೆ ಮುಂದಿನ ರಂಜಾನಿಗೆ ಅರ್ಧ ಆದೀತು” ಎಂದ. ನೂರಾಕ ಎಂದರೆ ನಾನೇ, ನೂರ್ ಕಾಕ. ಗುರುವಾರ ಗಾಳಿಯ ದಿಕ್ಕು ಬದಲಾಯಿತು. ನಮಗೆ ಬೇಕಾಗಿಲ್ಲದ ಗಾಳಿ ಮಾತ್ರ ಊರು ತುಂಬ ಬೀಸುತ್ತಿತ್ತು. ಶುಕ್ರವಾರ ನಮಾಜು ಮುಗಿಸಿ ಹೊರಗೆ ಬಂದಾಗ ಅಳಿವೆಯ ಕಡೆ ಬಿಳಿ ನೊರೆ ಕಾಣಿಸಿತು. ಇನ್ನು ಹೆಚ್ಚೆಂದರೆ ಎರಡು ದಿನ. ಶೀನಪ್ಪ ಆ ಕಡೆಯೇ ನೋಡುತ್ತ ನಿಂತರು.

ಶನಿವಾರ ಬೆಳಿಗ್ಗೆ ನೀರು ಇಳಿತದಲ್ಲಿ ನಿಂತ ಹೊತ್ತಿಗೆ, ಶೀನಪ್ಪನೂ ನಾನೂ ಅಳಿವೆಗೆ ತಂದಿದ್ದ ಬಾಡಿಗೆ ದೋಣಿಗೆ ಮಮ್ಮು ಬಂದ. ಕೈಯಲ್ಲಿ ಕಲ್ಲು. ಅಕ್ಕಿ ಡಬ್ಬದ ಮೇಲಿನದ್ದು.

“ಬೇಡ ಮಮ್ಮು,” ಎಂದೆ. “ಝುಬೈದಾಳಿಗೆ ಒಂದೇ ಸಲ ಅಂತ ಮಾತು ಕೊಟ್ಟಿದ್ದೇನೆ.”

“ಮಾತು ಕೊಟ್ಟದ್ದು ನೀವು ನೂರಾಕ. ನಾನು ಕೊಟ್ಟಿಲ್ಲ.”

“ಅವಳು ಕೇಳಿದ್ರೆ ಎಂತ ಹೇಳುದು?”

“ಕಲ್ಲು ತಕೊಂಡು ಬರುವಾಗ ಅವಳು ಅಲ್ಲೇ ಇದ್ದಳು. ಎಂತ ಕೇಳ್ಲಿಲ್ಲ.” ಕಲ್ಲಿಗೆ ಹಗ್ಗ ಕಟ್ಟುತ್ತ ಹೇಳಿದ: “ಶೀನಪ್ಪಣ್ಣನ ಹೆಂಡತಿ ನಿನ್ನೆ ಮನೆಗೆ ಬಂದಿದ್ದರು. ಅವರೂ ಎಂತ ಕೇಳ್ಲಿಲ್ಲ. ಕೂತು ಹೋದರು.”

ನಾನು ಆಣೆ ಹಾಕಿದ್ದೆ. ಮುರಿದ ಸರಪಳಿಯೂ ನನ್ನದು. ಎರಡರಲ್ಲಿ ಯಾವುದು ಹೆಚ್ಚು ಭಾರವೆಂದು ತೂಗಿ ನೋಡುವಷ್ಟರಲ್ಲಿ ಅವನು ನೀರಿಗೆ ಇಳಿದಾಗಿತ್ತು.

ಪ್ರತಿ ಮುಳುಗಿಗೆ ಒಂದು ಗೀಟು ಎಳೆದೆ. ಧಕ್ಕೆಯಲ್ಲಿ ಮೂಟೆ ಎಣಿಸಿದ ಕೈ, ಎಣಿಸದೆ ಇರಲು ಬರುವುದಿಲ್ಲ. ಕಿಸೆಯಲ್ಲಿ ಬೇರೆ ಕಾಗದವಿರಲಿಲ್ಲ, ನಿಮ್ಮ ರಸೀದಿಯಿತ್ತು. ಅದರ ಹಿಂಬದಿಯಲ್ಲಿ ಎಳೆದೆ. ಮಾನ್ಯರೇ, ನಿಮ್ಮ ಮೇಜಿನ ಮೇಲೆ ಗಡಿಯಾರ ಇರಬೇಕು. ಈ ಪತ್ರವನ್ನು ಒಮ್ಮೆ ಕೆಳಗಿಟ್ಟು, ಮೂಗು ಹಿಡಿದು, ಒಂದೂವರೆ ನಿಮಿಷ ಉಸಿರು ಬಿಡದೆ ಕೂತು ನೋಡಿ. ಕುರ್ಚಿಯಲ್ಲೇ ಕೂತಿರಿ, ಐದು ಮಾರು ನೀರು ಬೇಡ, ಕತ್ತಲೆ ಬೇಡ, ತುಕ್ಕು ಹಿಡಿದ ಬೋಲ್ಟು ಬೇಡ. ಅದನ್ನು ಒಂದು ಎಂದು ಎಣಿಸಿ. ಗಾಳಿಗೆ ತೂಕವಿದೆಯೋ ಇಲ್ಲವೋ ಎಂದು ನಿಮ್ಮ ಎದೆಯೇ ಹೇಳುತ್ತದೆ, ಫುಟ್‌ಬಾಲು ತರಿಸಬೇಕಾಗಿಲ್ಲ.

ಮೊದಲ ಬೋಲ್ಟು ನಾಲ್ಕನೇ ಗೀಟಿಗೆ ಬಂತು, ಎರಡನೆಯದು ಏಳಕ್ಕೆ. ಮೂರನೆಯದು ಹಟ ಹಿಡಿಯಿತು. ಹದಿಮೂರನೇ ಸಲ ಮೇಲೆ ಬಂದಾಗ ಬಲಗಿವಿಯಿಂದ ಕೆಂಪು ನೀರು ಇಳಿಯುತ್ತಿತ್ತು. ಅವನಿಗೆ ಗೊತ್ತಿರಲಿಲ್ಲ, ಕೆನ್ನೆ ಒರೆಸಿಕೊಂಡು ಕೈ ನೋಡಿಕೊಂಡ.

“ಸಾಕು ಮಾರಾಯ, ಹತ್ತು ಮೇಲೆ!” ಶೀನಪ್ಪ ಕೂಗಿದರು. “ಎಂಜಿನು ಹೋದ್ರೆ ಹೋಗ್ಲಿ. ನಾನು ಹುಟ್ಟುವಾಗ ಎಂಜಿನು ಹಿಡ್ಕೊಂಡು ಹುಟ್ಟಿದ್ದಾ?”

“ಒಂದು ಬೋಲ್ಟು ಶೀನಪ್ಪಣ್ಣ.”

“ಎರಡು ಉಂಟು, ಸುಳ್ಳು ಹೇಳ್ಬೇಡ!”

“ಇನ್ನೊಂದು ಸಡಿಲ ಉಂಟು.”

ಸಡಿಲ ಇರಲಿಲ್ಲ. ಹತ್ತೊಂಬತ್ತನೇ ಗೀಟಿಗೆ ಹಗ್ಗ ಮೂರು ಸಲ ಜಗ್ಗಿದ, ಅಂದರೆ ಸರಪಳಿ ಸುತ್ತಿಯಾಯಿತು. ಈ ಬಾರಿ ಸರಪಳಿ ಹೊಸತು, ಅಂಗಡಿಯಿಂದ ಮುದ್ರೆ ಒಡೆಯದೆ ತಂದದ್ದು. ಎಂಜಿನು ಮೇಲೆ ಬಂತು. ಸೋಮವಾರ ಅಳಿವೆಯಲ್ಲಿ ಅಲೆ ಎದ್ದಿತು, ಮರಳು ತಿರುಗಿತು, ಈಗ ಅಲ್ಲಿ ದೋಣಿಯ ಕುರುಹೂ ಇಲ್ಲ. ಎಂಜಿನು ಶೀನಪ್ಪನ ಚಪ್ಪರದ ಕೆಳಗೆ ಎಣ್ಣೆ ಕುಡಿಯುತ್ತ ಕೂತಿದೆ. ಮಳೆಗಾಲ ಮುಗಿದ ಮೇಲೆ ಹೊಸ ದೋಣಿ ಏರುತ್ತದೆ.

ಮಮ್ಮುವಿನ ಬಲಗಿವಿ ಮೇಲೆ ಬರಲಿಲ್ಲ. ಡಾಕ್ಟರು ನೋಡಿದರು, ಇನ್ನು ಅದರಲ್ಲಿ ಕೇಳುವುದಿಲ್ಲ ಎಂದರು. ಅವನು ಅದನ್ನೂ ನಗೆಗೆ ತಿರುಗಿಸಿದ್ದಾನೆ. ಅಂಗಡಿಗೆ ಬಂದರೆ ಬಲಗಿವಿ ನನ್ನ ಕಡೆ ಮಾಡಿ ಕೂರುತ್ತಾನೆ. “ನಿಮ್ಮ ವ್ಯಾಪಾರದ ಮಾತಿಗೆ ಇದೇ ಒಳ್ಳೆಯ ಬದಿ ನೂರಾಕ” ಎನ್ನುತ್ತಾನೆ. ನದಿ ದಾಟುವ ಕಡವಿನಲ್ಲಿ ದೋಣಿಯವರು ಕರೆದರೆ ತಪ್ಪು ದಿಕ್ಕಿಗೆ ತಿರುಗಿ ನೋಡುತ್ತಾನೆ. ಆಗ ನಾನು ಬೇರೆ ಕಡೆ ನೋಡುತ್ತೇನೆ.

ಈಗ ನನ್ನ ಬೇಡಿಕೆ. ಸಿಲಿಂಡರನ್ನು ಖಾಲಿ ಮಾಡಿಯೇ ತರಬೇಕೆಂಬುದನ್ನು ಟಿಕೇಟಿನ ಮೇಲೆ ಕನ್ನಡದಲ್ಲಿ ಕಣ್ಣಿಗೆ ಕಾಣುವಂತೆ ಅಚ್ಚು ಹಾಕಿಸಿ, ಖಾಲಿ ಮಾಡಿಸಿದ ಮೇಲೆ ಇನ್ನೊಮ್ಮೆ ತೂಗುವ ಬಂದರಿನ ಮರ್ಯಾದೆಯನ್ನು ನಿಮ್ಮ ಕೌಂಟರಿಗೂ ಕಲಿಸಿ. ಮೂರು ರೂಪಾಯಿ ಹನ್ನೆರಡು ನಯಾಪೈಸೆಯನ್ನು ಕಳಿಸುವುದಾದರೆ ಹರಿದಾಸ ಮಾಸ್ತರರ ಶಾಲೆಗೆ ಕಳಿಸಿ. ಫುಟ್‌ಬಾಲಿನ ಬ್ಲಾಡರು ಸವೆದಿದೆ. ಇವಿಷ್ಟು ನನ್ನವು. ಇನ್ನೊಂದು ಉಂಟು, ಅದು ನನ್ನದಲ್ಲ.

ಎಂಜಿನು ಬಂದ ಮೇಲೆ ಹತ್ತೊಂಬತ್ತು ದಿನ ಝುಬೈದಾ ನನ್ನ ಹತ್ತಿರ ಮಾತಾಡಲಿಲ್ಲ. ಹೋದರೆ ಚಹಾ ಇಡುತ್ತಿದ್ದಳು, ಲೋಟ ಇಟ್ಟ ಸದ್ದಿನಲ್ಲೇ ಎಲ್ಲ ಹೇಳುತ್ತಿದ್ದಳು. ಕಳೆದ ಗುರುವಾರ ಬಾಯಿ ಬಿಟ್ಟಳು.

“ಕಾಕ, ಬೊಂಬಾಯಿಯಿಂದ ತಂದ ಗಾಳಿ ಎಲ್ಲಿ?”

“ಅಲ್ಲೇ ಬಿಟ್ಟರು. ವಿಮಾನದವರು.”

“ದುಡ್ಡು ಕೊಟ್ಟದ್ದಲ್ಲವಾ?”

“ಕೊಟ್ಟದ್ದೇ. ಆದ್ರೆ ಗಾಳಿಗೆ ತೂಕ ಇಲ್ಲ ಅಂದರು.”

ಅವಳು ಮಮ್ಮುವಿನ ಕಡೆ ನೋಡಿದಳು. ಅವನು ಜಗಲಿಯಲ್ಲಿ ಬಲೆಯ ಗಂಟು ಹಾಕುತ್ತ ಕೂತಿದ್ದ, ಬಲಬದಿ ನಮಗೆ. ನಾವು ಮಾತಾಡುತ್ತಿರುವುದು ಅವನಿಗೆ ತಿಳಿಯಲಿಲ್ಲ.

“ಹಾಗೆ ಹೇಳಿದವರನ್ನು ಇಲ್ಲಿಗೆ ಕರ್ಕೊಂಡು ಬಾ,” ಎಂದಳು. “ಇವರ ಪಕ್ಕ ಕೂತು ಆ ಕಿವಿಯಲ್ಲಿ ಹೇಳ್ಲಿ, ಗಾಳಿಗೆ ತೂಕ ಇಲ್ಲ ಅಂತ. ಇವರಿಗೆ ಕೇಳಿದ್ರೆ ನಾನೂ ಒಪ್ತೇನೆ.”

ಆದ್ದರಿಂದ ಬನ್ನಿ ಮಾನ್ಯರೇ. ಮಳೆ ಸ್ವಲ್ಪ ಬಿಟ್ಟ ದಿನ ನೋಡಿ ಬನ್ನಿ. ಬಂದರಿನಲ್ಲಿ ಯಾರನ್ನು ಕೇಳಿದರೂ ನನ್ನ ಅಂಗಡಿ ತೋರಿಸುತ್ತಾರೆ. ಉಳ್ಳಾಲದ ಕಡವಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ದೋಣಿಯ ಬಾಡಿಗೆ ನನ್ನದು. ಅಲ್ಲಿ ಸಾಮಾನು ತೂಗುವುದಿಲ್ಲ, ಎಷ್ಟು ಬೇಕಾದರೂ ತನ್ನಿ. ಹೇಳಬೇಕಾದ ಮಾತು ಒಂದೇ ವಾಕ್ಯ, ನಿಮ್ಮವರಿಗೆ ಬಾಯಿಪಾಠವೇ ಇದೆ. ಗಟ್ಟಿಯಾಗಿ ಹೇಳಿ.

ಇಂತಿ,
ಹತ್ತೊಂಬತ್ತು ಗೀಟಿರುವ ನಿಮ್ಮ ರಸೀದಿಯನ್ನು ಇನ್ನೂ ಕಿಸೆಯಲ್ಲಿಟ್ಟುಕೊಂಡು, ತಂಗಿಯ ಮನೆಯ ಅಂಗಳದವರೆಗೆ ಮಾತ್ರ ಪ್ರವೇಶವಿರುವ,
ನೂರ್ ಮುಹಮ್ಮದ್
ಗುಜರಿ ವ್ಯಾಪಾರಿ, ಮಂಗಳೂರು ಬಂದರು